ಗೇಟಿನ ಒಳಗಿನ ನಾಯಿ, ಗೇಟಿನಾಚೆಯ ಮರಿಗಳು

ಸಾಕುನಾಯಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಓದುಗರನ್ನು ಕೇಳಿದ್ದೆವು. ಊಟ, ಕೂದಲು, ಉಣ್ಣೆಹುಳದ ಬಗ್ಗೆ ಬಂದ ಪತ್ರಗಳು ಕೆಲವೇ. ಉಳಿದವೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಕಡೆ: ಬೆದೆಗೆ ಬಂದ ನಾಯಿ, ಬೇಡವೆಂದರೂ ಹುಟ್ಟಿದ ಮರಿ, ಬೀದಿಗೆ ಬಿಟ್ಟ ಮರಿ, ಕಚ್ಚಿದ ನಾಯಿ. ಬೀದಿನಾಯಿಗಳ ಹಾವಳಿ ಎಂದು ನಾವು ದೂರುವಾಗ ಅವುಗಳಲ್ಲಿ ಎಷ್ಟೋ ನಾಯಿಗಳ ತಾಯಿ ಯಾರದೋ ಮನೆಯ ಅಂಗಳದಲ್ಲಿ ಅನ್ನ ತಿಂದದ್ದು ಎಂಬುದನ್ನು ಮರೆಯುತ್ತೇವೆ. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಎಂಟು ತಿಂಗಳ ಹೆಣ್ಣು ಲ್ಯಾಬ್ರಡಾರ್ ಇದೆ. ಮಕ್ಕಳು ಆಪರೇಷನ್ ಮಾಡಿಸೋಣ ಅನ್ನುತ್ತಾರೆ. ನಮ್ಮತ್ತೆ, "ಒಂದು ಸಲವಾದರೂ ಮರಿ ಹಾಕಲಿ, ಮೂಕಪ್ರಾಣಿಯ ಒಡಲು ಬರಿದು ಮಾಡಿದ ಪಾಪ ನಮಗೆ ಬೇಡ" ಎಂದು ಕಣ್ಣೀರು ಹಾಕುತ್ತಾರೆ. ಅವರ ಮಾತು ಮೀರುವ ಹಾಗಿಲ್ಲ. ಏನು ಮಾಡಲಿ?
— ಗೃಹಿಣಿ, ಎಸ್‌ಐಟಿ ಬಡಾವಣೆ, ತುಮಕೂರು

ನಿಮ್ಮ ಅತ್ತೆಯವರು ಅಳುತ್ತಿರುವುದು ಆ ನಾಯಿಯ ಮೇಲಿನ ಕರುಣೆಯಿಂದ. ಹಾಗಾಗಿ ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ಆಪರೇಷನ್ ಮಾಡಿಸದೆ ಬಿಟ್ಟರೆ ಆ ನಾಯಿಗೆ ಏನೇನು ಕಾದಿದೆ ಎಂಬುದನ್ನು ಸಮಾಧಾನವಾಗಿ ತಿಳಿಸಿ. ಒಂದು ಸಲ ಮರಿ ಹಾಕಿದರೆ ಹೆಣ್ಣು ನಾಯಿಯ ಆರೋಗ್ಯ ಸುಧಾರಿಸುತ್ತದೆ, ಮನಸ್ಸು ಶಾಂತವಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ತಾಯಾಗಲಿಲ್ಲ ಎಂಬ ಕೊರಗು ನಾಯಿಗೆ ಇರುವುದಿಲ್ಲ. ಬೆದೆ ಬಂದಾಗ ದೇಹದ ರಸದೂತಗಳು ಅದನ್ನು ಎಳೆದಾಡುತ್ತವೆ, ಬೆದೆ ಇಳಿದ ಮೇಲೆ ಅದು ಎಂದಿನ ನಾಯಿಯೇ.

ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಲ್ಲಿ ನಾವು ಹೆದರುವುದು ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಗೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಮಂಕಾಗುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಕೆಲವೊಮ್ಮೆ ಕೀವು ಹೊರಗೂ ಬರುವುದಿಲ್ಲ, ಒಳಗೇ ತುಂಬಿಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ನಾಯಿಗಳ ವಿಮೆಯ ದಾಖಲೆ ಹಿಡಿದು ಮಾಡಿದ ಅಧ್ಯಯನವೊಂದರಲ್ಲಿ, ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಸರಿಸುಮಾರು ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಈ ಕಾಯಿಲೆ ಬಂದಿತ್ತು. ಆಗಲೂ ಗರ್ಭಕೋಶ ತೆಗೆಯಲೇಬೇಕು. ಆದರೆ ಆಗ ತೆಗೆಯುವುದು ವಯಸ್ಸಾದ, ಜ್ವರ ಬಂದ, ರಕ್ತಕ್ಕೆ ನಂಜೇರಿದ ನಾಯಿಯಿಂದ. ಆರೋಗ್ಯವಾಗಿರುವಾಗ ತೆಗೆಸುವುದಕ್ಕೂ ಇದಕ್ಕೂ ಅಜಗಜಾಂತರ.

ಎರಡನೆಯದು ಕೆಚ್ಚಲಿನ ಗೆಡ್ಡೆ. ಮೊದಲ ಬೆದೆಗೆ ಮುಂಚೆಯೇ ಆಪರೇಷನ್ ಆದ ನಾಯಿಗಳಲ್ಲಿ ಇದರ ಅಪಾಯ ಉಳಿದವುಗಳಿಗೆ ಹೋಲಿಸಿದರೆ ಶೇ 0.5ಕ್ಕೆ ಇಳಿಯುತ್ತದೆ, ಒಂದು ಬೆದೆಯ ನಂತರವಾದರೆ ಶೇ 8, ಎರಡರ ನಂತರ ಶೇ 26 ಎಂದು ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಈ ಅಂಕಿಗಳು ಅಷ್ಟು ಗಟ್ಟಿಯಲ್ಲ ಎಂದು ಆಮೇಲಿನ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಆದರೂ ಬೇಗ ಮಾಡಿಸಿದರೆ ಗೆಡ್ಡೆ ಕಡಿಮೆ ಎಂಬುದನ್ನು ಬಹುತೇಕ ವೈದ್ಯರು ಒಪ್ಪುತ್ತಾರೆ.

ಹಾಗಾದರೆ ನಾಳೆಯೇ ಮಾಡಿಸಬೇಕೆ? ನಿಮ್ಮದು ಲ್ಯಾಬ್ರಡಾರ್ ಆಗಿರುವುದರಿಂದ ನನ್ನ ಸಲಹೆ ಬೇರೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ತಳಿಗಳ ಮೂಳೆ ನಿಧಾನವಾಗಿ ಬಲಿಯುತ್ತದೆ. ತೀರಾ ಎಳೆಯದರಲ್ಲಿ ಆಪರೇಷನ್ ಆದರೆ ಕೀಲುಗಳ ತೊಂದರೆ ಹೆಚ್ಚುತ್ತದೆ ಎಂದು ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿದ್ದಾರೆ. ಆದ್ದರಿಂದ ಒಂದು ವರ್ಷ ತುಂಬಲಿ. ಅಷ್ಟರಲ್ಲಿ ಬೆದೆಗೆ ಬಂದರೆ ಅದು ಇಳಿದು ಎರಡು ಮೂರು ತಿಂಗಳಾಗಲಿ, ಆಮೇಲೆ ಮಾಡಿಸಿ. ಬೆದೆಯಲ್ಲಿದ್ದಾಗ ರಕ್ತದ ಓಡಾಟ ಹೆಚ್ಚಿರುವುದರಿಂದ ಆಗ ಮಾಡಿಸುವುದು ಒಳ್ಳೆಯದಲ್ಲ. ನಾಟಿ ನಾಯಿಗಳಿಗೆ ಇಷ್ಟು ಕಾಯುವ ಅಗತ್ಯವಿಲ್ಲ, ಆರು ತಿಂಗಳಾದರೆ ಸಾಕು.

ಕಾಯುವ ಈ ಅವಧಿಯಲ್ಲೇ ಬಹಳಷ್ಟು ಮನೆಯವರು ಏಮಾರುವುದು. ಬೆದೆ ಸುಮಾರು ಮೂರು ವಾರ ಇರುತ್ತದೆ. ರಕ್ತದ ಹನಿ ನಿಂತಿತು ಎಂದು ಎರಡನೇ ವಾರದಲ್ಲಿ ಗೇಟು ತೆಗೆದುಬಿಡುತ್ತಾರೆ. ಹೆಣ್ಣು ಗಂಡನ್ನು ಸೇರಿಸಿಕೊಳ್ಳುವುದು ಸರಿಯಾಗಿ ಆ ಹೊತ್ತಿನಲ್ಲೇ. ಮೂರು ವಾರವೂ ಚೈನು ಹಿಡಿಯದೆ ಹೊರಗೆ ಕರೆದೊಯ್ಯಬೇಡಿ. ಕಾಂಪೌಂಡು ಎಷ್ಟೇ ಎತ್ತರವಿರಲಿ, ರಾತ್ರಿ ಒಳಗೇ ಮಲಗಿಸಿ.

ಆಪರೇಷನ್ನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿಯಿಂದ ಊಟ ಕೊಡಬಾರದು. ಪೂರ್ತಿ ಅರಿವಳಿಕೆಯಲ್ಲಿ ಅಂಡಾಶಯ, ಗರ್ಭಕೋಶ ತೆಗೆಯುತ್ತಾರೆ. ನೋವಿಗೆ ಔಷಧಿ ಕೊಡುತ್ತಾರೆ. ಗಾಯ ನೆಕ್ಕದಂತೆ ಕೊರಳಿಗೆ ಅಗಲವಾದ ಪ್ಲಾಸ್ಟಿಕ್ ಕಾಲರ್ ಹಾಕುತ್ತಾರೆ. ಸುಮಾರು ಹತ್ತು ದಿನ ಮೆಟ್ಟಿಲು ಹತ್ತಿಸಬೇಡಿ, ಸ್ನಾನ ಮಾಡಿಸಬೇಡಿ. ಕೆಲವು ಹೆಣ್ಣು ನಾಯಿಗಳಿಗೆ ವರ್ಷಗಳ ನಂತರ ಮಲಗಿದಲ್ಲೇ ಮೂತ್ರ ಜಿನುಗಬಹುದು. ಅದಕ್ಕೆ ಮಾತ್ರೆ ಇದೆ. ದಪ್ಪಗಾಗುವುದು ನಿಜ, ಆದರೆ ಅದು ನಮ್ಮ ಕೈಯಲ್ಲಿರುವ ವಿಷಯ. ಆಪರೇಷನ್ ಆದ ನಾಯಿಗೆ ಬೇಕಾಗುವ ಆಹಾರ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಲ್ಯಾಬ್ರಡಾರ್ ಮಾತ್ರ ಮೊದಲಿನಷ್ಟೇ ಕೇಳುತ್ತದೆ, ನೀವು ಕೊಡಬಾರದು.

ಪಾಪದ ಮಾತಿಗೆ ಬರುವುದಾದರೆ, ಲ್ಯಾಬ್ರಡಾರ್ ಒಂದು ಸಲಕ್ಕೆ ಆರೆಂಟು ಮರಿ ಹಾಕುತ್ತದೆ. ಅಷ್ಟೂ ಮರಿಗಳಿಗೆ ಹತ್ತು ಹನ್ನೆರಡು ವರ್ಷ ಅನ್ನ ಹಾಕುವ ಮನೆ ಎಲ್ಲೆಲ್ಲಿದೆ ಎಂದು ಅತ್ತೆಯವರ ಜೊತೆ ಕೂತು ಒಂದೊಂದೇ ಹೆಸರು ಬರೆಯಿರಿ.

ನನ್ನದು ಅಡಿಕೆ, ತೆಂಗಿನ ತೋಟ. ತೋಟದ ಮನೆಗೆ ಒಂದು ಗಂಡು ನಾಟಿ ನಾಯಿ ಕಾವಲು. ಕಾರ್ತೀಕ ಬಂತೆಂದರೆ ವಾರಗಟ್ಟಲೆ ಮಾಯ, ಬಂದಾಗ ಮೈಯೆಲ್ಲ ಗಾಯ. ಬೀಜ ತೆಗೆಸಿದರೆ ಸರಿಹೋಗುತ್ತದೆ ಎಂದು ಮಗ ಹೇಳುತ್ತಾನೆ. ಆಮೇಲೆ ಅದು ಬೊಗಳುವುದನ್ನೇ ಬಿಟ್ಟರೆ?
— ರೈತ, ನಿಟ್ಟೂರು, ಗುಬ್ಬಿ ತಾಲ್ಲೂಕು

ಯಜಮಾನರೇ, ಹಳ್ಳಿಕಾರ್ ಹೋರಿಗೆ ಬೀಜ ಒಡೆಸಿ ನೇಗಿಲಿಗೆ ಕಟ್ಟಿದ ಜಿಲ್ಲೆ ನಮ್ಮದು. ಬೀಜ ಒಡೆಸಿದ ಎತ್ತು ಗಾಡಿ ಎಳೆಯುವುದನ್ನು ಬಿಟ್ಟಿತೆ? ಹಾಯುವ ಚಟ ಬಿಟ್ಟಿತು, ಕೆಲಸ ಬಿಡಲಿಲ್ಲ. ನಾಯಿಯದೂ ಹಾಗೆಯೇ. ತನ್ನ ಜಾಗ ಕಾಯುವುದು, ಅಪರಿಚಿತರನ್ನು ಕಂಡರೆ ಬೊಗಳುವುದು ನಾಯಿಯ ಸ್ವಭಾವದಲ್ಲೂ ನೀವು ಕಲಿಸಿದ ರೂಢಿಯಲ್ಲೂ ಇದೆ, ವೃಷಣದಲ್ಲಿ ಇಲ್ಲ. ಕಡಿಮೆಯಾಗುವುದು ಹೆಣ್ಣಿನ ವಾಸನೆ ಹಿಡಿದು ಊರೂರು ಅಲೆಯುವುದು, ಬೇರೆ ಗಂಡುಗಳ ಜೊತೆ ಕಾದಾಡುವುದು, ಕಂಡ ಕಂಬಕ್ಕೆಲ್ಲ ಕಾಲೆತ್ತುವುದು. ಅಲೆಯುವ ನಾಯಿಗಿಂತ ಮನೆಯಲ್ಲೇ ಬಿದ್ದುಕೊಂಡ ನಾಯಿ ಒಳ್ಳೆಯ ಕಾವಲುಗಾರ ಅಲ್ಲವೆ?

ಆಪರೇಷನ್ ಆದ ಮರುದಿನವೇ ಫಲ ಕಾಣಿಸದು. ದೇಹದಲ್ಲಿ ಉಳಿದ ವೀರ್ಯದಿಂದ ಒಂದು ತಿಂಗಳವರೆಗೂ ಹೆಣ್ಣು ಗಬ್ಬವಾಗಬಹುದು. ಅಲ್ಲಿಯವರೆಗೆ ಕಟ್ಟಿಹಾಕಿ. ವರ್ಷಗಳಿಂದ ಅಲೆದು ರೂಢಿಯಾದ ನಾಯಿ ಪೂರ್ತಿ ಬದಲಾಗದೆಯೂ ಇರಬಹುದು, ಎಳೆಯದರಲ್ಲಿ ಮಾಡಿಸಿದಷ್ಟೂ ಲೇಸು.

ಅಲೆದು ಬಂದ ಗಂಡು ನಾಯಿಗಳಲ್ಲಿ ಇನ್ನೊಂದು ಕಾಯಿಲೆ ನೋಡುತ್ತಿರುತ್ತೇವೆ. ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿರುತ್ತದೆ, ಒಳಗೆ ಹೂಕೋಸಿನಂಥ ಗೆಡ್ಡೆ ಬೆಳೆದಿರುತ್ತದೆ. ಇದು ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವ ಗೆಡ್ಡೆ. ವಾರಕ್ಕೊಂದರಂತೆ ಕೆಲವು ವಾರ ಇಂಜೆಕ್ಷನ್ ಕೊಟ್ಟರೆ ಬಹುತೇಕ ವಾಸಿಯಾಗುತ್ತದೆ. ನಿಮ್ಮ ನಾಯಿಗೆ ಇದೆಯೇ ಎಂದು ಆಪರೇಷನ್ನಿಗೆ ಮುಂಚೆ ವೈದ್ಯರಿಂದ ನೋಡಿಸಿ.

ತೋಟದ ಮನೆಯವರಿಗೆ ಚಿರತೆಯ ವಿಷಯವನ್ನೂ ಹೇಳಲೇಬೇಕು. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ, ಅದರಲ್ಲೂ ಎಳೆಯ ಮಕ್ಕಳು ಬಲಿಯಾದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಊರಂಚಿಗೆ ಬರುವ ಚಿರತೆ ಮುಖ್ಯವಾಗಿ ಹುಡುಕುವುದು ನಾಯಿಯನ್ನು. ಮಹಾರಾಷ್ಟ್ರದ ಅಕೋಲೆ ಕಬ್ಬಿನ ಸೀಮೆಯಲ್ಲಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಲದ್ದಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವು ತಿಂದ ಮಾಂಸದ ತೂಕದಲ್ಲಿ ಶೇ 39 ಸಾಕುನಾಯಿ, ಬೀದಿನಾಯಿಗಳದು. ಊರಿನಲ್ಲಿ ಬಿಡಾಡಿ ನಾಯಿ ಹೆಚ್ಚಿದಷ್ಟೂ ಚಿರತೆಗೆ ಅನ್ನ ಹೆಚ್ಚು. ರಾತ್ರಿ ನಾಯಿಯನ್ನು ಕಂಬಕ್ಕೆ ಕಟ್ಟಿ ಬಯಲಲ್ಲಿ ಬಿಟ್ಟರೆ ಅದು ಕಾವಲು ಕಾಯುವುದಿಲ್ಲ, ಚಿರತೆಗೆ ಎರೆಯಾಗುತ್ತದೆ. ಕಬ್ಬಿಣದ ಜಾಲರಿಯ ಗೂಡು ಮಾಡಿಸಿ ಒಳಗೆ ಬಿಡಿ. ಬೊಗಳುವ ಸದ್ದು ಅಲ್ಲಿಂದಲೂ ಕೇಳುತ್ತದೆ.

ನಮ್ಮ ನಾಯಿ ಆರು ಮರಿ ಹಾಕಿದೆ. ಗಂಡು ಮರಿ ಎರಡಕ್ಕೆ ಗಿರಾಕಿ ಇದ್ದಾರೆ, ಹೆಣ್ಣು ನಾಲ್ಕನ್ನು ಯಾರೂ ಕೇಳುತ್ತಿಲ್ಲ. ಹೈವೇ ಹೋಟೆಲ್ ಹತ್ತಿರ ಬಿಟ್ಟು ಬಾ, ಅಲ್ಲಿ ತಿನ್ನೋಕೆ ಸಿಗುತ್ತೆ ಅಂತಾರೆ ಅಕ್ಕಪಕ್ಕದವರು. ಮನಸ್ಸು ಒಪ್ಪುತ್ತಿಲ್ಲ. ಆದರೆ ಆರನ್ನೂ ಸಾಕುವ ಶಕ್ತಿ ನಮಗಿಲ್ಲ.
— ಹುಲಿಯೂರುದುರ್ಗ, ಕುಣಿಗಲ್ ತಾಲ್ಲೂಕು

ಬಿಡಬೇಡಿ. ದಯವಿಟ್ಟು ಬಿಡಬೇಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್, ಎಡೆಯೂರು ದಾರಿ ಹಿಡಿದು ಓಡಾಡುವವರಿಗೆ ಆ ಮರಿಗಳ ಗತಿ ಗೊತ್ತು. ಲಾರಿ, ಬಸ್ಸಿನ ಚಕ್ರಕ್ಕೆ ಸಿಗದೆ ಉಳಿದವು ಪಾರ್ವೋ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳಿಗೆ ಸಿಗುತ್ತವೆ. ರಕ್ತಭೇದಿಯಾಗಿ ನೀರಿಲ್ಲದೆ ಸಾಯುವುದು ಸುಲಭದ ಸಾವಲ್ಲ. ಅದನ್ನೂ ದಾಟಿ ಬದುಕಿದ ಒಂದೇ ಒಂದು ಹೆಣ್ಣು ಮರಿ ವರ್ಷ ತುಂಬುವ ಹೊತ್ತಿಗೆ ತಾನೇ ಮರಿ ಹಾಕಿರುತ್ತದೆ. ನಾಯಿಯ ಗರ್ಭ ಸುಮಾರು 63 ದಿನ, ವರ್ಷಕ್ಕೆ ಎರಡು ಸಲ ಬೆದೆ. ಲೆಕ್ಕ ನೀವೇ ಹಾಕಿ.

ಕಾನೂನಿನ ಮಾತೂ ಇದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ ₹10ರಿಂದ ₹50 ಎಂದು ಆ ಕಾಯ್ದೆ ಬರೆದಿಟ್ಟಿದೆ. ಒಂದು ಜೀವವನ್ನು ರಸ್ತೆಗೆ ಎಸೆದದ್ದಕ್ಕೆ ಇಷ್ಟೇ ಬೆಲೆ ಎನ್ನುವುದು ನನಗೆ ನೋವಿನ ವಿಷಯ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮನಸ್ಸು ಒಪ್ಪಲಿಲ್ಲ ಎಂದಿರಿ, ನನಗೆ ಅದೇ ಭರವಸೆ.

ಈಗ ಮಾಡಬೇಕಾದ್ದು. ಎಂಟು ವಾರ ತುಂಬುವವರೆಗೆ ಮರಿಗಳನ್ನು ತಾಯಿಯಿಂದ ಅಗಲಿಸಬೇಡಿ. ಎರಡು ಮೂರು ವಾರಕ್ಕೇ ಜಂತುಹುಳದ ಔಷಧಿ ಶುರುಮಾಡಿ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಹುಳದ ಔಷಧಿ ಆದ, ಒಂದು ಲಸಿಕೆ ಬಿದ್ದ ಮರಿಯನ್ನು ಜನ ಹೆಚ್ಚು ಮನಸ್ಸು ಮಾಡಿ ಒಯ್ಯುತ್ತಾರೆ. ಹೆಣ್ಣು ಮರಿ ಬೇಡ ಎನ್ನುವವರು ಹೆದರುವುದು ಮರಿಗಳ ಕಾಟಕ್ಕೆ ಮಾತ್ರ. "ಆರು ತಿಂಗಳಿಗೆ ಆಪರೇಷನ್ ನಾವೇ ಜೊತೆಗೆ ಬಂದು ಮಾಡಿಸಿಕೊಡುತ್ತೇವೆ" ಎಂದು ಹೇಳಿ ನೋಡಿ. ಹೆಣ್ಣು ನಾಯಿ ಮನೆ ಬಿಟ್ಟು ಅಲೆಯುವುದು ಕಡಿಮೆ, ಕಾವಲಿಗೆ ಗಂಡಿಗೇನೂ ಕಡಿಮೆಯಿಲ್ಲ. ಡೇರಿಗೆ ಹಾಲು ಹಾಕಲು ಬರುವವರಿಗೆ, ಸೊಸೈಟಿಯಲ್ಲಿ, ಶಾಲೆಯ ಮೇಷ್ಟ್ರಿಗೆ, ತೋಟದ ಮನೆಯವರಿಗೆ ಫೋಟೊ ತೋರಿಸಿ ಕೇಳಿ. ಯಾರಿಗೆ ಕೊಟ್ಟಿರಿ ಎಂಬುದನ್ನು ಬರೆದಿಟ್ಟು ಆರು ತಿಂಗಳಿಗೆ ಒಮ್ಮೆ ವಿಚಾರಿಸಿ.

ಎಲ್ಲಕ್ಕಿಂತ ಮೊದಲು ತಾಯಿ. ಮರಿಗಳು ಹಾಲು ಬಿಟ್ಟು, ಕೆಚ್ಚಲು ಒಣಗಿದ ಮೇಲೆ ಅದಕ್ಕೆ ಆಪರೇಷನ್ ಮಾಡಿಸಿ. ಈ ಕೆಲಸ ತಡವಾದರೆ ಮುಂದಿನ ಬೆದೆಗೆ ಇನ್ನೊಂದು ಆರು ಮರಿಗಳ ಪತ್ರ ನನಗೆ ಬರೆಯಬೇಕಾಗುತ್ತದೆ.

ನಾಯಿ ಬೆದೆಗೆ ಬರದ ಹಾಗೆ ಇಂಜೆಕ್ಷನ್ ಇದೆಯಂತೆ. ಆಪರೇಷನ್ ಬದಲು ಅದನ್ನೇ ಹಾಕಿಸಬಹುದೇ?
— ಮರಳೂರು, ತುಮಕೂರು

ಇದೆ. ಹಾಕಿಸಬೇಡಿ. ಅದು ಪ್ರೊಜೆಸ್ಟಿರೋನ್ ಜಾತಿಯ ರಸದೂತ. ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸಿ, ಮೊದಲ ಪತ್ರದಲ್ಲಿ ಹೇಳಿದ ಕೀವಿನ ಕಾಯಿಲೆಗೆ ದಾರಿ ಮಾಡುತ್ತದೆ. ಕೆಚ್ಚಲಿನ ಗೆಡ್ಡೆ, ಸಕ್ಕರೆ ಕಾಯಿಲೆಯ ಅಪಾಯವೂ ಉಂಟು.

ನಮ್ಮ ಬೀದಿಯ ಒಂದು ಹೆಣ್ಣು ನಾಯಿಗೆ ನಾನು ದಿನವೂ ಅನ್ನ ಹಾಕುತ್ತೇನೆ. ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ, ಹಿಡಿದುಕೊಂಡು ಹೋಗಿ ದೂರ ಬಿಡಿ ಎಂದು ಪಾಲಿಕೆಗೆ ಅರ್ಜಿ ಕೊಟ್ಟಿದ್ದಾರಂತೆ. ನಾನು ಮಾಡುತ್ತಿರುವುದು ತಪ್ಪೇ?
— ನಿವೃತ್ತ ಉದ್ಯೋಗಿ, ಕ್ಯಾತಸಂದ್ರ

ಅನ್ನ ಹಾಕುವುದು ತಪ್ಪಲ್ಲ. ಅನ್ನ ಹಾಕಿ ಅಲ್ಲಿಗೇ ನಿಲ್ಲಿಸುವುದು ಸಾಲದು. ಹೊಟ್ಟೆ ತುಂಬಿದ ಹೆಣ್ಣು ನಾಯಿ ಹೆಚ್ಚು ಮರಿ ಹಾಕುತ್ತದೆ, ಹೆಚ್ಚು ಮರಿಗಳನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ನೆರೆಯವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆ ಬೀದಿಯಲ್ಲಿ ಮಕ್ಕಳು ಆಡುತ್ತವೆ, ವಯಸ್ಸಾದವರು ಬೆಳಗ್ಗೆ ಓಡಾಡುತ್ತಾರೆ.

ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು 2001ರ ಹಳೆಯ ನಿಯಮಗಳ ಜಾಗಕ್ಕೆ ಬಂದಿವೆ. ಬೀದಿನಾಯಿಯ ಸಂತಾನಹರಣ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು, ಅಂದರೆ ನಿಮ್ಮಲ್ಲಿ ತುಮಕೂರು ಮಹಾನಗರ ಪಾಲಿಕೆಯದು. ಸಾಕುನಾಯಿಯ ಹುಳದ ಔಷಧಿ, ಲಸಿಕೆ, ಸಂತಾನಹರಣದ ಹೊಣೆ ಮಾಲೀಕನದು ಎಂದೂ ಅದೇ ನಿಯಮ ಹೇಳುತ್ತದೆ. ಈ ಎರಡನೇ ಮಾತನ್ನು ಜನ ಓದುವುದೇ ಇಲ್ಲ. ಹಿಡಿದ ನಾಯಿಗೆ ಆಪರೇಷನ್, ರೇಬಿಸ್ ಲಸಿಕೆ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗಕ್ಕೇ ತಂದುಬಿಡಬೇಕು. ದೂರ ಒಯ್ದು ಬಿಟ್ಟರೆ ಖಾಲಿಯಾದ ಜಾಗಕ್ಕೆ ಲಸಿಕೆ ಆಗದ, ಆಪರೇಷನ್ ಆಗದ ಬೇರೆ ನಾಯಿಗಳು ಬಂದು ಸೇರುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ರೇಬಿಸ್ ಇರುವ, ಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಅದೇ ಜಾಗಕ್ಕೆ ಬಿಡಬೇಕೆಂದಿತು. ಜೊತೆಗೆ, ಕಂಡಕಂಡ ಬೀದಿಯಲ್ಲಿ ಅನ್ನ ಹಾಕದೆ ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕೆಂದೂ ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳ ಬಗ್ಗೆ ಮಾತ್ರ ಆ ವರ್ಷದ ನವೆಂಬರ್ 7ರ ಆದೇಶ ಬೇರೆ. ಅವನ್ನು ಹಿಡಿದರೆ ಅಲ್ಲಿಗೇ ಮರಳಿ ಬಿಡುವಂತಿಲ್ಲ, ಆಶ್ರಯತಾಣದಲ್ಲಿ ಇಡಬೇಕು.

ಹಿಡಿದು, ಆಪರೇಷನ್ ಮಾಡಿ, ಬಿಡುವುದರಿಂದ ಏನಾಗುತ್ತದೆ ಎಂದು ನೆರೆಯವರು ಕೇಳಿದರೆ ಬೆಂಗಳೂರನ್ನು ತೋರಿಸಿ. 2019ರ ಎಣಿಕೆಯಲ್ಲಿ ಅಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಆಪರೇಷನ್ ಆದವುಗಳ ಪ್ರಮಾಣ ಅದೇ ಅವಧಿಯಲ್ಲಿ ಶೇ 51ರಿಂದ ಶೇ 71ಕ್ಕೆ ಏರಿತ್ತು. ಇಳಿಕೆ ನಿಧಾನ, ಆದರೆ ಇಳಿಕೆಯೇ. ಭೂತಾನ್ 2009ರಲ್ಲಿ ಹಿಡಿದ ಕೆಲಸವನ್ನು ಬಿಡದೆ ನಡೆಸಿ, 2023ರಲ್ಲಿ ದೇಶದ ಬೀದಿನಾಯಿಗಳಿಗೆಲ್ಲ ಸಂತಾನಹರಣ ಮುಗಿಯಿತು ಎಂದು ಪ್ರಕಟಿಸಿತು. ನಡುವೆ ನಿಲ್ಲಿಸಿದ ಊರುಗಳಲ್ಲಿ ಮಾತ್ರ ಎರಡು ಮೂರು ವರ್ಷದಲ್ಲಿ ಎಣಿಕೆ ಮತ್ತೆ ಮೊದಲಿನಷ್ಟಾಗುತ್ತದೆ.

ನೀವು ನೆರೆಯವರ ಅರ್ಜಿಗೆ ಎದುರಾಗಿ ಇನ್ನೊಂದು ಅರ್ಜಿ ಬರೆಯಬೇಡಿ. ಅವರನ್ನೂ ಸೇರಿಸಿಕೊಂಡು, ಈ ನಾಯಿಯನ್ನು ಹಿಡಿದು ಆಪರೇಷನ್, ಲಸಿಕೆ ಮಾಡಿಸಿ ಎಂದು ಪಾಲಿಕೆಗೆ ಒಂದೇ ಅರ್ಜಿ ಕೊಡಿ. ನಿಮ್ಮನ್ನು ನಂಬಿದ ನಾಯಿ ನಿಮ್ಮ ಕೈಗೆ ಸುಲಭವಾಗಿ ಸಿಗುತ್ತದೆ, ಹಿಡಿಯುವ ದಿನ ನೀವಿರಿ. ಗೇಟು, ಆಟದ ಜಾಗದಿಂದ ದೂರ, ಒಂದೇ ಹೊತ್ತು, ಒಂದೇ ಜಾಗದಲ್ಲಿ ಅನ್ನ ಹಾಕಿ. ಉಳಿದದ್ದನ್ನು ನೀವೇ ಎತ್ತಿ ಶುಚಿ ಮಾಡಿ.

ಹಟ್ಟಿಯ ಕುರಿಗಳಲ್ಲಿ ಕೆಲವು ತಲೆ ಒಂದು ಕಡೆ ವಾಲಿಸಿಕೊಂಡು ನಿಂತಲ್ಲೇ ಸುತ್ತುತ್ತವೆ, ಕೊನೆಗೆ ಸಾಯುತ್ತವೆ. ಇದಕ್ಕೆ ನಾಯಿ ಕಾರಣ ಎಂದು ಯಾರೋ ಹೇಳಿದರು. ನಾಯಿ ಇಲ್ಲದೆ ಕುರಿ ಕಾಯುವುದು ಹೇಗೆ?
— ಕುರಿಗಾರ, ಹಾಗಲವಾಡಿ ಹೋಬಳಿ, ಗುಬ್ಬಿ ತಾಲ್ಲೂಕು

ನಾಯಿಯನ್ನು ಬಿಡಬೇಕಾಗಿಲ್ಲ. ಸುತ್ತುವ ಕುರಿಯ ಮಿದುಳಿನಲ್ಲಿ ಬಹುಮಟ್ಟಿಗೆ ನೀರುಗುಳ್ಳೆ ಇರುತ್ತದೆ. ಗುಳ್ಳೆಯ ಒಳಗಿರುವುದು ನಾಯಿಯ ಕರುಳಿನ ಲಾಡಿಹುಳದ ಮರಿ. ಸತ್ತ ಅಥವಾ ಕೊಯ್ದ ಕುರಿಯ ತಲೆಯನ್ನು ನಾಯಿಗೆ ಹಾಕುತ್ತೀರಿ. ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಹುಳ ಬೆಳೆಯುತ್ತದೆ. ನಾಯಿ ಹುಲ್ಲಿನ ಮೇಲೆ ಹೇಲುತ್ತದೆ. ಆ ಹುಲ್ಲು ಮೇಯ್ದ ಕುರಿಯ ಮಿದುಳಿಗೆ ಮೊಟ್ಟೆಯಿಂದ ಹೊರಟ ಮರಿಹುಳ ಸೇರುತ್ತದೆ. ಇದೇ ಬಗೆಯ ಇನ್ನೊಂದು ಸಣ್ಣ ಲಾಡಿಹುಳ ಕುರಿಯ ಈಲಿ, ಪುಪ್ಪುಸದಲ್ಲಿ ಗುಳ್ಳೆ ಮಾಡುತ್ತದೆ, ಮನುಷ್ಯರ ಈಲಿಯಲ್ಲೂ ಮಾಡುತ್ತದೆ. ನಾಯಿಯ ಮೈ ಸವರಿದ ಕೈಯಲ್ಲೇ ರೊಟ್ಟಿ ಮುರಿಯುವ ಮಕ್ಕಳಿಗೆ ಇದು ತಗಲುವ ದಾರಿ ಚಿಕ್ಕದು.

ಮಾರಿಹಬ್ಬವಿರಲಿ, ಮನೆಯ ಹಬ್ಬವಿರಲಿ, ಕುರಿಯ ತಲೆ, ಈಲಿ, ಪುಪ್ಪುಸವನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಚೆನ್ನಾಗಿ ಬೇಯಿಸಿ ಹಾಕಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಹಟ್ಟಿಯ ಅಷ್ಟೂ ನಾಯಿಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಹುಳದ ಮಾತ್ರೆ ನುಂಗಿಸಿ. ಎಲ್ಲ ಹುಳದ ಔಷಧಿಗಳೂ ಲಾಡಿಹುಳಕ್ಕೆ ತಾಗುವುದಿಲ್ಲ, ಅಂಗಡಿಯಲ್ಲಿ ಕೇಳಿ ಹೆಸರು ನೋಡಿ ಕೊಳ್ಳಿ. ಹಟ್ಟಿಗೆ ನಾಲ್ಕು ನಾಯಿ ಸಾಕಾಗುವಾಗ ಹನ್ನೆರಡು ಇದ್ದರೆ ಮಾತ್ರೆ ನುಂಗಿಸುವುದು ಯಾರಿಂದಲೂ ಆಗದು. ಹೆಣ್ಣು ನಾಯಿಗಳ ಆಪರೇಷನ್ ಇಲ್ಲಿ ಕುರಿಯ ಪ್ರಾಣಕ್ಕೂ ಸಂಬಂಧಿಸಿದ್ದು.

ನಮ್ಮ ನಾಯಿಗೆ ಲಸಿಕೆ ಆಗಿದೆ. ಗೇಟು ತೆರೆದಿದ್ದಾಗ ಹೊರಗೆ ಹೋಗಿ ಪಕ್ಕದ ಮನೆಯ ಹುಡುಗನಿಗೆ ಕಚ್ಚಿತು. ಲಸಿಕೆ ಆಗಿದೆಯಲ್ಲ, ಏನೂ ಆಗುವುದಿಲ್ಲ ಎಂದು ಹೇಳಿ ಕಳಿಸಿದೆವು. ಸರಿಯಲ್ಲವೇ?
— ಸಪ್ತಗಿರಿ ಬಡಾವಣೆ, ತುಮಕೂರು

ಸರಿಯಲ್ಲ. ಈ ಸಾಲು ಓದಿದ ಕೂಡಲೇ ಆ ಮನೆಗೆ ಹೋಗಿ, ಹುಡುಗನನ್ನು ಜಿಲ್ಲಾಸ್ಪತ್ರೆಗೆ ನೀವೇ ಕರೆದೊಯ್ಯಿರಿ. ನಾಯಿಗೆ ಲಸಿಕೆ ಆಗಿದ್ದರೂ ಅದು ಪೂರ್ತಿ ಹಿಡಿದಿದೆ ಎಂಬ ಖಾತರಿ ಯಾರೂ ಕೊಡಲಾರರು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲ. ಕಚ್ಚಿದ ತಕ್ಷಣ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನನ್ನೂ ಹಚ್ಚಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಹುಡುಗನ ಲಸಿಕೆ ಶುರುವಾದ ಮೇಲೆ ನಿಮ್ಮ ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಿ. ಮಂಕಾದರೆ, ಜೊಲ್ಲು ಸುರಿದರೆ, ಧ್ವನಿ ಬದಲಾದರೆ ಕೂಡಲೇ ಪಶುವೈದ್ಯರಿಗೂ ಹುಡುಗನ ವೈದ್ಯರಿಗೂ ತಿಳಿಸಿ. ಕರ್ನಾಟಕದಲ್ಲಿ 2022ರಿಂದ ಮನುಷ್ಯರ ರೇಬಿಸ್ ಕಡ್ಡಾಯವಾಗಿ ವರದಿಯಾಗಬೇಕಾದ ಕಾಯಿಲೆ.

ಇನ್ನು ನಿಮ್ಮ ಗೇಟಿನ ಮಾತು. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗೆ ಸೆರೆ ಅಥವಾ ₹5,000ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಲಸಿಕೆಯ ಕಾರ್ಡು ತೋರಿಸಿದರೆ ಈ ಹೊಣೆ ತಪ್ಪುವುದಿಲ್ಲ. ಸಂತಾನಹರಣ ಮಾಡಿಸಿದರೆ ಕಚ್ಚುವುದು ನಿಲ್ಲುತ್ತದೆ ಎಂದೂ ಎಣಿಸಬೇಡಿ. ಹೆದರಿಕೆಯಿಂದ, ಕಟ್ಟಿಹಾಕಿದ ಬೇಸರದಿಂದ ಕಚ್ಚುವ ನಾಯಿಗೆ ಅದರಿಂದ ಹೆಚ್ಚೇನೂ ಆಗದು. ಬೆಳಗ್ಗೆ ಸಂಜೆ ಚೈನು ಹಿಡಿದು ನಡೆಸುವುದು, ಜನರ ನಡುವೆ ಇರಲು ಕಲಿಸುವುದು, ಗೇಟಿಗೆ ತಾನೇ ಮುಚ್ಚುವ ಸ್ಪ್ರಿಂಗ್ ಹಾಕಿಸುವುದು ಬೇಕು.

ರಾಟ್‌ವೀಲರ್ ಮರಿ ತರಬೇಕೆಂದಿದ್ದೇನೆ. ಅದು ನಿಷೇಧವಾಗಿದೆ ಎನ್ನುತ್ತಾರೆ. ನಿಜವೇ? ಒಂದೆರಡು ಸಲ ಮರಿ ಮಾಡಿ ಮಾರಿದರೆ ಕೊಟ್ಟ ದುಡ್ಡು ವಾಪಸ್ಸು ಬರುತ್ತದೆ ಎಂಬ ಲೆಕ್ಕವೂ ಇದೆ.
— ವಿದ್ಯಾರ್ಥಿ, ಕುಣಿಗಲ್

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಆದರೆ ಕಾನೂನು ಬಿಟ್ಟಿತು ಎಂಬುದಕ್ಕೇ ಆ ನಾಯಿ ತರಬಾರದು. ಅದಕ್ಕೆ ದಿನವೂ ಗಂಟೆಗಟ್ಟಲೆ ಕೊಡುವ ಅನುಭವಿ ಕೈ ಬೇಕು. ಓದು, ಪರೀಕ್ಷೆ, ನಾಳೆ ಬೆಂಗಳೂರಿನಲ್ಲಿ ಕೆಲಸ ಎನ್ನುವ ವಯಸ್ಸು ನಿಮ್ಮದು. ನೀವು ಹೊರಟ ಮೇಲೆ ಅದನ್ನು ಹಿಡಿಯುವುದು ನಿಮ್ಮ ತಾಯಿಯೇ?

ಮರಿ ಮಾರುವ ಲೆಕ್ಕವನ್ನು ಇಲ್ಲಿಗೇ ಬಿಡಿ. 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ಮರಿ ಮಾಡಿ ಮಾರುವಂತಿಲ್ಲ. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ನಾಯಿ ಬೇಕೇ ಬೇಕೆಂದರೆ ಮೇಲೆ ಹುಲಿಯೂರುದುರ್ಗದವರ ನಾಲ್ಕು ಹೆಣ್ಣು ಮರಿಗಳಿವೆ, ನಿಮ್ಮ ತಾಲ್ಲೂಕಿನವೇ. ನಮ್ಮ ಬಿಸಿಲಿಗೆ ಒಗ್ಗಿದ ಮೈ, ಗಟ್ಟಿ ಹೊಟ್ಟೆ.

ಗುಬ್ಬಿಯ ದನದ ಆಸ್ಪತ್ರೆಯಲ್ಲಿ ಹಸು, ಎಮ್ಮೆಗಳಿಗೇ ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ. ನಾಯಿ ಆಪರೇಷನ್ ಎಲ್ಲಿ ಮಾಡಿಸುವುದು?
— ಶಾಲಾ ಶಿಕ್ಷಕ, ಗುಬ್ಬಿ

ಮೊದಲು ಅಲ್ಲೇ ಕೇಳಿ. ಹೈನುಗಾರಿಕೆಯ ತಾಲ್ಲೂಕುಗಳಲ್ಲಿ ಪಶುವೈದ್ಯರ ಹೊತ್ತೆಲ್ಲ ಕರಾವಿನ ದನಗಳಿಗೆ ಹೋಗುವುದು ನಿಜ. ಗಂಡು ನಾಯಿಯ ಆಪರೇಷನ್ ಚಿಕ್ಕದು, ದಿನ ಗೊತ್ತುಮಾಡಿಕೊಂಡು ಹೋದರೆ ಆಗಬಹುದು. ಹೆಣ್ಣು ನಾಯಿಯದು ಹೊಟ್ಟೆ ತೆರೆಯುವ ಆಪರೇಷನ್. ಅದಕ್ಕೆ ಸಲಕರಣೆ, ಸಹಾಯಕರು ಇರುವ ಜಾಗ ಬೇಕು. ನಿಮಗೆ ತುಮಕೂರು ಬಸ್ಸಿನಲ್ಲಾದರೂ ರೈಲಿನಲ್ಲಾದರೂ ಹತ್ತಿರ. ಅಲ್ಲಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಖಾಸಗಿ ಕ್ಲಿನಿಕ್ಕುಗಳೂ ಇವೆ. ವಯಸ್ಸಾದ, ಹೃದಯದ ತೊಂದರೆ ಇರುವ ನಾಯಿಯಾದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುವುದು ಲೇಸು.

ನೀವು ಶಿಕ್ಷಕರಾದ್ದರಿಂದ ಇನ್ನೊಂದು ಕೆಲಸ ಆಗುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆಗ ಪಶುಪಾಲನಾ ಇಲಾಖೆಯವರು ಉಚಿತ ಲಸಿಕೆ ಶಿಬಿರ ನಡೆಸುತ್ತಾರೆ. ಯಾವ ಮನೆಯಲ್ಲಿ ಯಾವ ನಾಯಿ ಇದೆ, ಗಂಡೋ ಹೆಣ್ಣೋ, ಲಸಿಕೆ ಆಗಿದೆಯೇ ಎಂದು ಮಕ್ಕಳ ಕೈಯಲ್ಲಿ ಪಟ್ಟಿ ಮಾಡಿಸಿ ಆ ಶಿಬಿರಕ್ಕೆ ಒಯ್ಯಿರಿ. ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಸಂತಾನಹರಣಕ್ಕೂ ಒಂದು ದಿನ ಗೊತ್ತುಮಾಡಲು ವೈದ್ಯರಿಗೆ ಸುಲಭ.

ಎಲ್ಲೇ ಮಾಡಿಸಿ, ಮುಂಚೆ ಕೆಲವು ವಿಷಯ ಕೇಳಿಕೊಳ್ಳಿ: ಆಪರೇಷನ್ನಿಗೆ ಮೊದಲು ರಕ್ತಪರೀಕ್ಷೆ ಮಾಡುತ್ತಾರೆಯೇ, ನೋವಿನ ಔಷಧಿ ಎಷ್ಟು ದಿನ, ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು. ಹೊಲಿಗೆ ಬಿಚ್ಚಿಸಲು ಮತ್ತೊಮ್ಮೆ ಬರಬೇಕಾಗುತ್ತದೆ, ಅದಕ್ಕೆ ತಕ್ಕಂತೆ ರಜೆ ನೋಡಿಕೊಳ್ಳಿ. ಹೆಣ್ಣು ನಾಯಿಯಾದರೆ ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ ಎಂದು ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.